ಕಚ್ಚಿಕೊಂಡ ಸ್ಕ್ರೂ, ಅವಸರದ ಸುತ್ತಿಗೆ

ಓದುಗರ ಪ್ರಶ್ನೆ: ಮನೆಯಂಗಳದ ಬೈಕ್ ರಿಪೇರಿ

ಮುಂಗಾರು ಹಿಡಿಯುವ ಮುಂಚೆ ಸೌದೆ ಒಳಗೆ ಸೇರಿಸಬೇಕು, ಹೆಂಚು ಕೈಯಾಡಿಸಬೇಕು, ಬೈಕು ಬಿಚ್ಚಿ ತೊಳೆದು ಗ್ರೀಸ್ ಹಾಕಿಡಬೇಕು. ಮಲೆನಾಡಿನಲ್ಲಿ ಮೂರೂ ಮೇ ತಿಂಗಳ ಕೆಲಸಗಳೇ. ಹಾಗಾಗಿ ಈ ಸಲದ ಟಪಾಲಿನಲ್ಲಿ ಬಂದ ಪ್ರಶ್ನೆಗಳೆಲ್ಲ ಬಿಚ್ಚಲು ಬಾರದ ನಟ್ಟು, ಬೋಲ್ಟು, ಸ್ಕ್ರೂಗಳದ್ದೇ. ಐಟಿಐಯಲ್ಲಿ ಫಿಟ್ಟರ್ ವಿಭಾಗದ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನು ನಾನು. ಬೈದು ಕಲಿಸುವ ಅಭ್ಯಾಸ ಇನ್ನೂ ಹೋಗಿಲ್ಲ, ಓದುಗರು ಸಹಿಸಿಕೊಳ್ಳಬೇಕು.

ಪ್ರಶ್ನೆ: ನನ್ನದು ಹಳೆಯ ಯಮಹಾ ಆರ್‌ಎಕ್ಸ್ 100. ಕ್ಲಚ್ ಪ್ಲೇಟ್ ಬದಲಿಸೋಣವೆಂದು ಕವರ್ ಬಿಚ್ಚಲು ಕುಳಿತೆ. ಎರಡು ಸ್ಕ್ರೂ ಬಂದವು, ಉಳಿದವು ಜಪ್ಪಯ್ಯ ಎಂದರೂ ಅಲುಗುತ್ತಿಲ್ಲ. ಸ್ಕ್ರೂ ಡ್ರೈವರ್ ಜಾರಿ ಜಾರಿ ತಲೆಯ ಮೇಲಿನ ಸ್ಟಾರ್ ಅಳಿಸಿಹೋಗುತ್ತಿದೆ. ಉಳಿ ಇಟ್ಟು ಹೊಡೆಯಬಹುದೇ?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಉಳಿ ಕೆಳಗಿಡಿ. ಕೈಯಲ್ಲಿರುವ ಸ್ಕ್ರೂ ಡ್ರೈವರನ್ನೂ ಕೆಳಗಿಡಿ, ತೊಂದರೆ ಶುರುವಾದದ್ದು ಬಹುಶಃ ಅದರಿಂದಲೇ.

ಆ ಕವರಿನ ಸ್ಕ್ರೂಗಳು 6 ಎಂಎಂ ದಪ್ಪದವು. ಅವುಗಳ ತಲೆಗೆ ಸರಿಯಾಗಿ ಕೂರುವುದು 3ನೇ ನಂಬರಿನ ಸ್ಟಾರ್ ಡ್ರೈವರ್. ಸ್ವಿಚ್ ಬೋರ್ಡು, ಮಿಕ್ಸಿ ಬಿಚ್ಚಲೆಂದು ಮನೆಯಲ್ಲಿ ಇಟ್ಟುಕೊಂಡಿರುವುದು ಸಾಮಾನ್ಯವಾಗಿ 2ನೇ ನಂಬರು. ಅದು ಹಳ್ಳದೊಳಗೆ ಇಳಿಯುತ್ತದೆ, ಸಡಿಲವಾದ ಸ್ಕ್ರೂವನ್ನು ತಿರುಗಿಸುತ್ತದೆ ಕೂಡ. ಬಿಗಿಯಾದ ಸ್ಕ್ರೂ ಎದುರಾದೊಡನೆ ಗೋಡೆಗಳನ್ನು ಸವರಿಕೊಂಡು ಹೊರಬರುತ್ತದೆ. ಇದರ ಮೇಲೆ ಇನ್ನೊಂದು ತೊಡಕಿದೆ. ಜಪಾನಿ ವಿನ್ಯಾಸದ ಬೈಕುಗಳ ಸ್ಟಾರ್ ಸ್ಕ್ರೂಗಳು ಜೆಐಎಸ್ ಎಂಬ ಜಪಾನಿ ಮಾನಕದವು. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿದರೆ ಕೊಡುವುದು ಅಮೆರಿಕದ ಫಿಲಿಪ್ಸ್ ಮಾನಕದ ಡ್ರೈವರ್. ಎರಡೂ ನೋಡಲು ಅವಳಿಗಳೇ. ಆದರೆ ಫಿಲಿಪ್ಸ್ ತುದಿ ಜೆಐಎಸ್ ಹಳ್ಳದ ತಳ ಮುಟ್ಟಿ ಕೂರುವುದಿಲ್ಲ, ಬಲ ಹಾಕಿದಷ್ಟೂ ಮೇಲಕ್ಕೆ ಏರುತ್ತದೆ. ಸ್ಕ್ರೂ ತಲೆಯ ಮೇಲೆ ಸ್ಟಾರಿನ ಪಕ್ಕ ಒಂದು ಸಣ್ಣ ಚುಕ್ಕೆ ಇದ್ದರೆ ಅದು ಜೆಐಎಸ್ ಗುರುತು. ಚುಕ್ಕೆ ಇಲ್ಲದಿದ್ದರೂ ಆ ಬೈಕಿನಲ್ಲಿ ಅದೇ ಇರುವ ಸಾಧ್ಯತೆ ಹೆಚ್ಚು.

ಇನ್ನು ಸ್ಕ್ರೂ ಹಿಡಿದುಕೊಂಡದ್ದು ಏಕೆ? ಆರ್‌ಎಕ್ಸ್ 100 ನಮ್ಮ ದೇಶದಲ್ಲಿ ತಯಾರಾದದ್ದು 1985ರಿಂದ 1996ರವರೆಗೆ. ನಿಮ್ಮ ಬೈಕು ಹೊಸನಗರದ ಎಷ್ಟು ಮಳೆಗಾಲ ಕಂಡಿದೆ ಎಂದು ನೀವೇ ಲೆಕ್ಕ ಹಾಕಿ. ಸ್ಕ್ರೂ ಉಕ್ಕಿನದು, ಕವರು ಮತ್ತು ಎಂಜಿನ್ ಕೇಸು ಅಲ್ಯೂಮಿನಿಯಂ. ಎರಡು ಬೇರೆ ಬೇರೆ ಲೋಹಗಳ ನಡುವೆ ನೀರು ನಿಂತರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಹುಟ್ಟಿಕೊಳ್ಳುತ್ತದೆ. ಅದರಲ್ಲಿ ತಿಂದುಹೋಗುವುದು ಅಲ್ಯೂಮಿನಿಯಂ. ತಿಂದುಹೋದ ಭಾಗ ಬಿಳಿಯ ಪುಡಿಯಾಗಿ ಥ್ರೆಡ್‌ಗಳ, ಅಂದರೆ ಸ್ಕ್ರೂವಿನ ಸುರುಳಿ ಗೀರುಗಳ, ಸಂದಿನಲ್ಲಿ ಉಬ್ಬಿ ಕೂರುತ್ತದೆ. ಸ್ಕ್ರೂವನ್ನು ಹಿಡಿದಿರುವುದು ಆ ಪುಡಿ. ಅದನ್ನು ಒಡೆಯದೆ ನೀವು ಎಷ್ಟು ತಿರುಚಿದರೂ ಸವೆಯುವುದು ತಲೆಯೇ.

ಒಡೆಯುವ ಕ್ರಮ ಹೀಗೆ. ಮೊದಲು ಗೇರ್ ಆಯಿಲ್ ಇಳಿಸಿ. ಸೂಜಿಯಿಂದಲೋ ಹಳೆಯ ಸೈಕಲ್ ಕಡ್ಡಿಯ ತುದಿಯಿಂದಲೋ ಸ್ಟಾರಿನ ಹಳ್ಳದಲ್ಲಿ ಕೂತ ಕೆಂಪು ಮಣ್ಣು, ಗ್ರೀಸು ಎಲ್ಲವನ್ನೂ ಕೆದಕಿ ತೆಗೆಯಿರಿ. ಇದನ್ನು ಬಿಟ್ಟವರೇ ಹೆಚ್ಚು. ತಳದಲ್ಲಿ ಒಂದು ಅಕ್ಕಿಕಾಳಿನಷ್ಟು ಮಣ್ಣಿದ್ದರೂ ಡ್ರೈವರ್ ಅರ್ಧಕ್ಕೇ ನಿಲ್ಲುತ್ತದೆ. ಸಂದಿಯೊಳಗೆ ಇಳಿಯುವ ತೆಳು ಎಣ್ಣೆಯಾದ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ಒಂದು ರಾತ್ರಿ ಸುಮ್ಮನಿರಿ. ಮರುದಿನ ಸ್ಕ್ರೂ ತಲೆಯ ಮೇಲೆ ಒಂದು ಕಬ್ಬಿಣದ ತುಂಡನ್ನು ನೇರವಾಗಿ ನಿಲ್ಲಿಸಿ ಸುತ್ತಿಗೆಯಿಂದ ಚುರುಕಾಗಿ ಎರಡು ಏಟು ಕೊಡಿ. ಜಜ್ಜುವ ಏಟಲ್ಲ, ಬಾಗಿಲು ತಟ್ಟುವಂಥ ಏಟು. ಬಿಳಿಪುಡಿ ಬಿರುಕು ಬಿಡುವುದು ಇದರಿಂದಲೇ.

ಆಮೇಲೆ ಇಂಪ್ಯಾಕ್ಟ್ ಡ್ರೈವರ್ ತನ್ನಿ. ವಿದ್ಯುತ್ತಿನದ್ದಲ್ಲ, ಹಿಂಬದಿಗೆ ಸುತ್ತಿಗೆಯಿಂದ ಹೊಡೆಯುವ, ಗಿಡ್ಡನೆಯ, ಭಾರವಾದ ಹತ್ಯಾರು. ಹೊಡೆದ ಏಟನ್ನೇ ಅದು ತಿರುವನ್ನಾಗಿ ಮಾರ್ಪಡಿಸುತ್ತದೆ. ತುದಿ ಹಳ್ಳದೊಳಗೆ ಒತ್ತಿಕೊಂಡಿರುವ ಕ್ಷಣದಲ್ಲೇ ತಿರುಗುವುದರಿಂದ ಜಾರುವ ಮಾತಿಲ್ಲ. ದಿಕ್ಕು ಅಪ್ರದಕ್ಷಿಣೆಗೆ ಹೊಂದಿಸಿದೆಯೇ ಎಂದು ಹೊಡೆಯುವ ಮೊದಲು ನೋಡಿ, ಇಲ್ಲದಿದ್ದರೆ ಇನ್ನಷ್ಟು ಬಿಗಿ ಮಾಡುತ್ತೀರಿ. ತಲೆ ಆಗಲೇ ಸವೆದಿದ್ದರೆ ಬಿಟ್‌ನ ತುದಿಗೆ ವಾಲ್ವ್ ಉಜ್ಜುವ ಪೇಸ್ಟನ್ನು ಚೂರು ಹಚ್ಚಿ. ಅದರೊಳಗಿನ ಹರಳುಪುಡಿ ಹಿಡಿತ ಕೊಡುತ್ತದೆ.

ಇದಕ್ಕೂ ಬಾರದಿದ್ದರೆ ತಲೆಯನ್ನೇ ಡ್ರಿಲ್ ಮಾಡಿ ತೆಗೆಯಿರಿ. ಗಾಬರಿ ಬೇಡ. ಸ್ಕ್ರೂವಿನ ಬಿಗಿಯೆಲ್ಲ ತಲೆ ಕವರನ್ನು ಒತ್ತುವುದರಲ್ಲಿದೆ. ತಲೆ ಹೋದರೆ ಎಳೆತವೂ ಹೋಯಿತು. ಕವರ್ ಕೈಗೆ ಬಂದ ಮೇಲೆ ಹೊರಗೆ ಉಳಿದ ಮೋಟು ಕಡ್ಡಿಯನ್ನು ವೈಸ್ ಗ್ರಿಪ್‌ನಿಂದ (ಕಚ್ಚಿ ಹಿಡಿದುಕೊಳ್ಳುವ ಇಕ್ಕಳ) ಹಿಡಿದು ತಿರುಗಿಸಿದರೆ ಎಷ್ಟೋ ಸಲ ಸಲೀಸಾಗಿ ಬರುತ್ತದೆ.

ಬಿಚ್ಚಿದ ಸ್ಕ್ರೂಗಳು ಒಂದೇ ಉದ್ದದವಲ್ಲ. ಕವರಿನ ಆಕಾರವನ್ನು ರಟ್ಟಿನ ಮೇಲೆ ಬರೆದು ಆಯಾ ಜಾಗದಲ್ಲಿ ಚುಚ್ಚಿಡಿ. ಮರಳಿ ಹಾಕುವಾಗ ಸ್ಟಾರ್ ಬದಲು ಅದೇ ಉದ್ದದ, ತಲೆಯಲ್ಲಿ ಆರು ಮೂಲೆಯ ಗುಳಿಯಿರುವ ಅಲೆನ್ ಸ್ಕ್ರೂ ಹಾಕಿದರೆ ನನ್ನ ಆಕ್ಷೇಪವಿಲ್ಲ. ಆದರೆ ಅಲೆನ್ ಕೀ ಕೊಡುವ ಬಲ ಹೆಚ್ಚು. ಅಲ್ಯೂಮಿನಿಯಮ್ಮಿನಲ್ಲಿ ಕೂರುವ 6 ಎಂಎಂ ಸ್ಕ್ರೂವಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು, ಅಂದರೆ ಬರೀ ಮಣಿಕಟ್ಟಿನ ಬಲದಿಂದ ಬಿಗಿ ಮಾಡುವಷ್ಟು. ಮೊಣಕೈ ಎತ್ತಬೇಡಿ.

ಪ್ರಶ್ನೆ: ಅಂಗಡಿಯ ಸ್ಪ್ರೇ ದುಬಾರಿ. ತೆಂಗಿನ ಎಣ್ಣೆ, ಸೀಮೆಎಣ್ಣೆ, ಡೀಸೆಲ್ ಇವುಗಳಲ್ಲಿ ಯಾವುದು ವಾಸಿ? ಡಬ್ಲ್ಯುಡಿ-40 ಹಾಕಿದರೆ ಆಗುವುದಿಲ್ಲವೇ?
– ಓದುಗರು, ಕೊಪ್ಪ

ಉತ್ತರ: ತೆಂಗಿನ ಎಣ್ಣೆ ತಲೆಗೆ, ದೋಸೆಗೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ನಿಮ್ಮ ಊರಿನ ಡಿಸೆಂಬರಿನ ಬೆಳಗಿನಲ್ಲಿ ಥ್ರೆಡ್‌ನೊಳಗೆ ಹರಿಯುವುದಿರಲಿ, ಬಾಟಲಿಯಿಂದಲೇ ಇಳಿಯದು. ಡೀಸೆಲ್, ಸೀಮೆಎಣ್ಣೆ ತೆಳ್ಳಗಿವೆ, ಒಳಗಿಳಿಯುತ್ತವೆ, ಕೆಲಸವನ್ನೂ ಮಾಡುತ್ತವೆ. ಆದರೆ ನಿಧಾನ. ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಹನಿಸಿ ಮಧ್ಯೆ ತಟ್ಟುತ್ತಿರಬೇಕು. ಡಬ್ಲ್ಯುಡಿ-40 ಅಮೆರಿಕದಲ್ಲಿ 1953ರಲ್ಲಿ ಹುಟ್ಟಿದ್ದು ನೀರನ್ನು ಹೊರದಬ್ಬಿ ಲೋಹವನ್ನು ತುಕ್ಕಿನಿಂದ ಕಾಪಾಡಲು. 40 ಎಂಬುದು 40ನೇ ಪ್ರಯೋಗದಲ್ಲಿ ಸೂತ್ರ ಒಲಿಯಿತು ಎಂಬುದರ ಗುರುತು. ಮಳೆಯಲ್ಲಿ ನೆನೆದ ಬೈಕಿಗೆ ಅದು ಒಳ್ಳೆಯದೇ. ಕಚ್ಚಿಕೊಂಡ ಬೋಲ್ಟಿಗೆ ಮಾತ್ರ ಪೆನೆಟ್ರೇಟಿಂಗ್ ಆಯಿಲ್ ಎಂದೇ ಬರೆದಿರುವುದನ್ನು ತನ್ನಿ. ಒಂದು ಡಬ್ಬಿ ವರ್ಷಗಟ್ಟಲೆ ಬರುತ್ತದೆ, ಅಷ್ಟೊಂದು ಜಿಪುಣತನ ಬೇಡ. ಯಾವ ಎಣ್ಣೆಯಾದರೂ ಸರಿ, ಬ್ರೇಕ್ ಡಿಸ್ಕ್, ಬ್ರೇಕ್ ಶೂ ಇರುವ ಕಡೆ ಸಿಡಿಯಬಾರದು.

ಪ್ರಶ್ನೆ: ತೋಟಕ್ಕೆ ಔಷಧಿ ಹೊಡೆಸುವ ದಿನಗಳಲ್ಲಿ ಕರಗಿಸಿದ ಮೈಲುತುತ್ತದ (ತಾಮ್ರದ ಸಲ್ಫೇಟ್) ಕ್ಯಾನನ್ನು ಬೈಕಿನ ಹಿಂದಿನ ಸೀಟಿಗೆ ಕಟ್ಟಿಕೊಂಡು ಹೋಗುತ್ತೇನೆ. ಈಗ ಹಿಂದಿನ ಫುಟ್‌ರೆಸ್ಟ್‌ನ ಅಲೆನ್ ಬೋಲ್ಟುಗಳು ಬಿಚ್ಚಲು ಬರುತ್ತಿಲ್ಲ. ಎರಡು ದಿನ ಎಣ್ಣೆ ಬಿಟ್ಟು ನೋಡಿದ್ದಾಯಿತು. ಬೋಲ್ಟಿನ ಸುತ್ತ ನೀಲಿ ಹಸಿರು ಹಕ್ಕಳೆ ಕಟ್ಟಿದೆ.
– ಅಡಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಪತ್ರ ಓದಿ ಸಂತೋಷವಾಯಿತು, ಏಕೆಂದರೆ ಇದರ ಉತ್ತರ ನಿಮಗೆ ಆಗಲೇ ಗೊತ್ತು. ಮೈಲುತುತ್ತಕ್ಕೆ ಸುಣ್ಣ ಸೇರಿಸಿದ ಬೋರ್ಡೊ ದ್ರಾವಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಏಕೆ ಮಾಡುವುದಿಲ್ಲ? ಸುಣ್ಣ ಸಾಲದೇ ಹೋಗಿದೆಯೇ ಎಂದು ತಿಳಿಯಲು ಚಾಕುವನ್ನು ಅದ್ದಿ ನೋಡುತ್ತೀರಲ್ಲ, ಅದರ ಅಲಗಿನ ಮೇಲೆ ಕೆಂಪು ಏಕೆ ಹತ್ತುತ್ತದೆ? ದ್ರಾವಣದಲ್ಲಿರುವ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುತ್ತದೆ, ಅಷ್ಟೇ ಕಬ್ಬಿಣ ಕರಗಿ ದ್ರಾವಣಕ್ಕೆ ಸೇರುತ್ತದೆ. ನಿಮ್ಮ ಬೈಕಿನ ಬೋಲ್ಟಿಗೆ ಆದದ್ದೂ ಅದೇ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ಸರಿಯಾಗಿ ಹದಗೊಂಡ ದ್ರಾವಣ ಇಷ್ಟು ಕೇಡು ಮಾಡದು. ನೀವು ಸಾಗಿಸುತ್ತಿರುವುದು ಸುಣ್ಣ ಸೇರುವ ಮುಂಚಿನ ಖಾರದ ನೀರು. ಬೋಲ್ಟು ಉಕ್ಕು, ಫುಟ್‌ರೆಸ್ಟ್‌ನ ಬ್ರಾಕೆಟ್ಟು ಬಹುಪಾಲು ಬೈಕುಗಳಲ್ಲಿ ಅಲ್ಯೂಮಿನಿಯಂ. ಅದಕ್ಕೂ ತಾಮ್ರವೆಂದರೆ ಆಗದು, ಕಬ್ಬಿಣಕ್ಕಿಂತ ಹೆಚ್ಚಾಗಿಯೇ ಆಗದು.

ಆದ್ದರಿಂದ ಮೊದಲು ಎಣ್ಣೆಯಲ್ಲ, ನೀರು. ಮೈಲುತುತ್ತ ಎಣ್ಣೆಯಲ್ಲಿ ಕರಗುವುದಿಲ್ಲ, ಬಿಸಿನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಹಂಡೆಯಿಂದ ಒಂದು ಬಿಂದಿಗೆ ಬಿಸಿನೀರು ತಂದು ಆ ಜಾಗಕ್ಕೆ ನಿಧಾನವಾಗಿ ಹೊಯ್ಯಿರಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಮತ್ತೆ ಹೊಯ್ಯಿರಿ. ನೀಲಿ ಹೋಗಿ ಹಸಿರು ಉಳಿದರೆ ನಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆಯಿರಿ. ಪೂರ್ತಿ ಒಣಗಿದ ಮೇಲಷ್ಟೇ ಎಣ್ಣೆ. ಹಕ್ಕಳೆಯ ಮೇಲೆ ಎಣ್ಣೆ ಬಿಟ್ಟಿದ್ದರಿಂದಲೇ ಎರಡು ದಿನವಾದರೂ ಅದು ಒಳಗೆ ಇಳಿಯಲಿಲ್ಲ.

ಇನ್ನು ಅಲೆನ್ ಬೋಲ್ಟಿನ ತಲೆಯ ಗುಳಿ. ಅದರ ತಳದವರೆಗೂ ಕೆದಕಿ. ಕೀಯನ್ನು ಒಳಗಿಟ್ಟು ಮೇಲಿನಿಂದ ಸುತ್ತಿಗೆಯಲ್ಲಿ ಒಮ್ಮೆ ತಟ್ಟಿದಾಗ ಠಣ್ ಎಂಬ ಗಟ್ಟಿ ಸದ್ದು ಬರಬೇಕು. ಮೆತ್ತನೆಯ ಸದ್ದು ಬಂದರೆ ಇನ್ನೂ ಕೊಳೆ ಇದೆ ಎಂದರ್ಥ. ತುದಿ ದುಂಡಗಿರುವ ಬಾಲ್ ಕೀ ಇಂಥ ಕೆಲಸಕ್ಕೆ ನಿಷಿದ್ಧ. ಬ್ರಾಕೆಟ್ಟನ್ನು ಬಿಸಿಗಾಳಿ ಊದುವ ಹೀಟ್ ಗನ್‌ನಿಂದ ಬಿಸಿ ಮಾಡಿದರೆ ಅರ್ಧ ಯುದ್ಧ ಗೆದ್ದಂತೆ: ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ, ಬೋಲ್ಟಿನ ಸುತ್ತ ಕೂದಲೆಳೆಯಷ್ಟು ಜಾಗವಾಗುತ್ತದೆ. ಎಣ್ಣೆಯನ್ನು ಒರೆಸಿಯೇ ಬಿಸಿ ಮಾಡಿ. ಪೆಟ್ರೋಲ್ ಟ್ಯಾಂಕು, ಕಾರ್ಬ್ಯುರೇಟರು ಇರುವ ಗಾಡಿಗೆ ಬೆಂಕಿಯ ಬತ್ತಿ ಹಿಡಿಯುವವರನ್ನು ಕಂಡಿದ್ದೇನೆ. ಅಂಥವರ ಅಂಗಳದಲ್ಲಿ ನಾನು ನಿಲ್ಲುವುದಿಲ್ಲ.

ಮೊದಲ ತಿರುವು ಬಿಚ್ಚುವ ದಿಕ್ಕಿಗೆ ಬೇಡ. ಒಂದು ಚೂರು ಬಿಗಿಯುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ, ಮತ್ತೆ ಬಿಗಿಯುವ ಕಡೆಗೆ. ಕಿರ್ ಎಂದು ಶಬ್ದ ಮಾಡುತ್ತ ಕಾಲು ಸುತ್ತು ಬಂದು ನಿಂತರೆ ಅಲ್ಲಿಗೇ ಎಣ್ಣೆ ಬಿಟ್ಟು ಹಿಂದಕ್ಕೆ ತಿರುಗಿಸಿ. ಒಂದೇ ಉಸಿರಿಗೆ ಎಳೆದರೆ ಅಲ್ಯೂಮಿನಿಯಂ ಥ್ರೆಡ್ ಬೋಲ್ಟಿಗೇ ಸುತ್ತಿಕೊಂಡು ಹೊರಬರುತ್ತದೆ. ಗುಳಿ ದುಂಡಗಾಗಿ ಹೋಗಿದ್ದರೆ ಸ್ವಲ್ಪ ದೊಡ್ಡ ಅಳತೆಯ, ಆರು ಮೊನೆಯ ನಕ್ಷತ್ರದಂಥ ತುದಿಯ ಟಾರ್ಕ್ಸ್ ಬಿಟ್ಟನ್ನು ಬಡಿದು ಕೂರಿಸಿ ತಿರುಗಿಸಬಹುದು.

ಬ್ರಾಕೆಟ್ಟು ಬಂದ ಮೇಲೆ ಬೆಳಕಿಗೆ ಹಿಡಿದು ನೋಡಿ. ಗುಳಿ ಗುಳಿಯಾಗಿ ತಿಂದುಹೋಗಿದ್ದರೆ ಬದಲಿಸಿ, ಅದರ ಮೇಲೆ ಮನೆಯವರು ಕಾಲಿಟ್ಟು ಕೂರುತ್ತಾರೆ. ಮೈಲುತುತ್ತವನ್ನು ಪುಡಿಯಾಗಿಯೇ ಒಯ್ದು ತೋಟದಲ್ಲಿ ಕರಗಿಸುವುದಕ್ಕೆ ಏನು ಕಷ್ಟ?

ಪ್ರಶ್ನೆ: ಯಮಹಾ ಬೈಕಿನ ಬಲಗಡೆ ಕನ್ನಡಿ ಒಡೆದಿದೆ. ಹೊಸದನ್ನು ತಂದಿಟ್ಟು ವಾರವಾಯಿತು. ಹಳೆಯದು ತಿರುಗಿಸಿದಷ್ಟೂ ಬಿಗಿಯಾಗುತ್ತಿದೆ. ಅಣ್ಣ ‘ನಿನ್ನ ಕೈಯಲ್ಲಿ ಬಲವಿಲ್ಲ’ ಎನ್ನುತ್ತಾನೆ.
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಬಲವಿಲ್ಲದಿರುವುದು ಅಣ್ಣನ ತಿಳಿವಳಿಕೆಯಲ್ಲಿ. ಯಮಹಾದ ಹಲವು ಮಾದರಿಗಳಲ್ಲಿ ಬಲಗನ್ನಡಿಯ ಥ್ರೆಡ್ ಉಲ್ಟಾ ಇರುತ್ತದೆ. ಪ್ರದಕ್ಷಿಣೆಯಾಗಿ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಬಲಗನ್ನಡಿಗೆ ಎದುರಿನಿಂದ ಏನಾದರೂ ತಗುಲಿದಾಗ ಅದರ ಕಡ್ಡಿ ಪ್ರದಕ್ಷಿಣೆಯಾಗಿಯೇ ತಿರುಗುವುದು. ಆಗ ಮುರಿಯುವ ಬದಲು ಸಡಿಲಗೊಳ್ಳಲಿ ಎಂದು ಹಾಗೆ ಮಾಡಿದ್ದಾರೆ. ನಿಮ್ಮ ಸೈಕಲ್ಲಿನ ಎಡ ಪೆಡಲ್ಲಿನದೂ ಉಲ್ಟಾ ಥ್ರೆಡ್ಡೇ. ಅಣ್ಣನಿಗೆ ಅದನ್ನು ಬಿಚ್ಚಲು ಹೇಳಿ ನೋಡಿ.

ಪ್ರಶ್ನೆ: ಸೈಲೆನ್ಸರ್ ಬಿಚ್ಚುವಾಗ ಎಂಜಿನ್ ಹೆಡ್ಡಿನಲ್ಲಿದ್ದ ಒಂದು ಸ್ಟಡ್ (ತಲೆಯಿಲ್ಲದ ಬೋಲ್ಟು) ಮುರಿಯಿತು. ಸ್ವಲ್ಪ ತುಂಡು ಹೊರಗೆ ಕಾಣುತ್ತದೆ. ‘ಈಜಿ ಔಟ್’ ತಂದು ತೆಗೆಯಬಹುದೆಂದು ಗೆಳೆಯರು ಹೇಳುತ್ತಾರೆ.
– ಓದುಗರು, ಸಾಗರ

ಉತ್ತರ: ಗೆಳೆಯರು ಒಳ್ಳೆಯವರೇ ಇರಬಹುದು, ಸಲಹೆ ಒಳ್ಳೆಯದಲ್ಲ. ಮುರಿದ ತುಂಡಿನಲ್ಲಿ ತೂತು ಕೊರೆದು, ಅದರೊಳಗೆ ಕೂರಿಸಿ ತಿರುಗಿಸುವ ಈಜಿ ಔಟ್ ಬಹಳ ಗಡಸಾದ ಉಕ್ಕು, ಗಡಸಾದಷ್ಟೇ ಪೆಡಸು. ತುಕ್ಕು ಹಿಡಿದು ಕಾದು ಕಾದು ಕೂತ 6 ಎಂಎಂ ಸ್ಟಡ್ಡಿನೊಳಗೆ ಅದು ಮುರಿದರೆ ಮನೆಯ ಡ್ರಿಲ್ಲಿನ ಮೊನೆ ಅದರ ಮೇಲೆ ಗೀರನ್ನೂ ಎಳೆಯದು. ಮುರಿದ ಸ್ಟಡ್ ಒಂದು ಸಮಸ್ಯೆ, ಅದರೊಳಗೆ ಮುರಿದ ಈಜಿ ಔಟ್ ಇನ್ನೊಂದೇ ಬಗೆಯ ಸಮಸ್ಯೆ.

ತುಂಡು ಹೊರಗೆ ಕಾಣುತ್ತಿರುವುದು ನಿಮ್ಮ ಅದೃಷ್ಟ. ಅದನ್ನು ವೈಸ್ ಗ್ರಿಪ್‌ನಿಂದ ತಿರುಚಿ ಇನ್ನೂ ಗಿಡ್ಡ ಮಾಡಬೇಡಿ. ಗೇಟು, ಕಿಟಕಿ ಸರಳು ಮಾಡುವ ವೆಲ್ಡಿಂಗ್ ಶೆಡ್ ನಿಮ್ಮ ಪೇಟೆಯಲ್ಲಿ ಹೇರಳವಾಗಿವೆ. ಕೈ ಸೂಕ್ಷ್ಮವಿರುವ ಒಬ್ಬರನ್ನು ಹುಡುಕಿ. ತುಂಡಿನ ಮೇಲೆ ಒಂದು ನಟ್ ಇಟ್ಟು, ನಟ್ಟಿನ ತೂತಿನೊಳಗೆ ವೆಲ್ಡಿಂಗ್ ತುಂಬಿ ಎರಡನ್ನೂ ಒಂದು ಮಾಡಿಸಿ. ವೆಲ್ಡಿಂಗಿನ ಬಿಸಿ ಸ್ಟಡ್ಡಿನ ಉದ್ದಕ್ಕೂ ಇಳಿದು ತುಕ್ಕಿನ ಹಿಡಿತವನ್ನು ಬಿಡಿಸುತ್ತದೆ. ಕೆಂಪು ಆರಿ, ಕೈ ತಾಗಿಸಲಾಗದಷ್ಟು ಬಿಸಿ ಉಳಿದಿರುವಾಗ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಆಡಿಸುತ್ತ ತೆಗೆಯಬೇಕು. ನಟ್ ಕಿತ್ತು ಬಂದರೆ ಬೇಸರಿಸದೆ ಮತ್ತೊಂದು ಬೆಸೆಯಿರಿ. ಪ್ರತಿ ಸಲ ಕಾದು ಆರಿದಂತೆಲ್ಲ ಹಿಡಿತ ಸಡಿಲವಾಗುತ್ತ ಹೋಗುತ್ತದೆ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ತಂತಿ ಬಿಚ್ಚಿ, ಟ್ಯಾಂಕನ್ನು ಇಳಿಸಿ ದೂರ ಇಡಿ.

ಒಂದು ವೇಳೆ ಹೆಡ್ಡಿನ ಮಟ್ಟಕ್ಕೇ ಮುರಿದು ಹೋದರೆ ಹೆಡ್ ಬಿಚ್ಚಿ ಲೇತ್ ಅಂಗಡಿಗೆ ಒಯ್ಯುವುದೇ ಲೇಸು. ಅಲ್ಲಿ ನಟ್ಟನಡುವೆ ಡ್ರಿಲ್ ಮಾಡಿ, ಅಗತ್ಯ ಬಿದ್ದರೆ ಹೆಲಿಕಾಯಿಲ್ ಎಂಬ ತಂತಿಸುರುಳಿಯ ಹೊಸ ಥ್ರೆಡ್ ಕೂರಿಸಿಕೊಡುತ್ತಾರೆ. ಅದು ಅಲ್ಯೂಮಿನಿಯಂ ಥ್ರೆಡ್‌ಗಿಂತ ಗಟ್ಟಿಯೇ. ಮರಳಿ ಜೋಡಿಸುವಾಗ ಉಕ್ಕಿನ ಬದಲು ಹಿತ್ತಾಳೆಯ ನಟ್ ಹಾಕಿ. ಮುಂದಿನ ಸಲ ಬಿಚ್ಚುವಾಗ ಹಾಳಾದರೆ ನಟ್ ಹಾಳಾಗುತ್ತದೆ, ಸ್ಟಡ್ ಉಳಿಯುತ್ತದೆ.

ಪ್ರಶ್ನೆ: ಮುಂದಿನ ಬ್ರೇಕಿನ ಆಯಿಲ್ ಡಬ್ಬಿಯ ಮುಚ್ಚಳದ ಎರಡು ಸಣ್ಣ ಸ್ಕ್ರೂ ಬರುತ್ತಿಲ್ಲ. ಸ್ಪ್ರೇ ಹೊಡೆಯಲೇ?
– ಓದುಗರು, ಶೃಂಗೇರಿ

ಉತ್ತರ: ಬೇಡವೇ ಬೇಡ. ಖನಿಜ ತೈಲದ ಒಂದು ಹನಿ ಒಳಗೆ ಸೇರಿದರೂ ಬ್ರೇಕಿನ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ. ಆ ಸ್ಕ್ರೂಗಳು ಸಣ್ಣವು, ಮೆದು. ತಲೆ ಮುಚ್ಚಳದೊಳಗೆ ಹುದುಗಿರುವುದರಿಂದ ಅಲ್ಲೇ ನೀರು ನಿಲ್ಲುತ್ತದೆ. ಸರಿಯಾದ ಜೆಐಎಸ್ ಬಿಟ್ ಒಂದನ್ನು ತಲೆಯೊಳಗೆ ನೆಟ್ಟಗೆ ಇಟ್ಟು ಹಗುರವಾಗಿ ಕೆಲವು ಸಲ ತಟ್ಟಿ, ಅಂಗೈಯ ಪೂರ್ತಿ ಭಾರ ಹಾಕಿ ಒತ್ತುತ್ತ ತಿರುಗಿಸಿ. ಬಲದಲ್ಲಿ ಮುಕ್ಕಾಲು ಪಾಲು ಒತ್ತುವುದಕ್ಕೆ, ಕಾಲು ಪಾಲು ತಿರುಗಿಸುವುದಕ್ಕೆ. ಬಾರದಿದ್ದರೆ ಬೆಸುಗೆಯ ಸೋಲ್ಡರಿಂಗ್ ಕಬ್ಬಿಣವನ್ನು ತಲೆಯ ಮೇಲೆ ಒಂದೆರಡು ನಿಮಿಷ ಇಟ್ಟು, ತಣಿದ ಮೇಲೆ ಪ್ರಯತ್ನಿಸಿ. ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹೊದಿಸಿರಿ. ಬ್ರೇಕ್ ಆಯಿಲ್ ಬಿದ್ದ ಕಡೆ ಬಣ್ಣ ಸುಲಿದು ಬರುತ್ತದೆ, ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯಿರಿ.

ಪ್ರಶ್ನೆ: ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆಯುವುದು ತಪ್ಪೇ?
– ಓದುಗರು, ಸೊರಬ

ಉತ್ತರ: ಹಿಂದಿನ ಚಕ್ರದ ಆಕ್ಸಲ್ ನಟ್ಟಿಗೆ ತಪ್ಪಲ್ಲ, ರಿಂಗ್ ಸ್ಪ್ಯಾನರೋ ಸಾಕೆಟ್ಟೋ ಆಗಿದ್ದರೆ. 10 ಎಂಎಂ ತಲೆಯ ಸಣ್ಣ ಬೋಲ್ಟಿಗೆ ಪೈಪು ಹಾಕುವವರು ಆ ಬೋಲ್ಟಿನ ಬೆಲೆಯ ಜೊತೆಗೆ ಲೇತ್ ಅಂಗಡಿಯ ಕೂಲಿಯನ್ನೂ ಜೇಬಿನಲ್ಲಿ ಇಟ್ಟುಕೊಂಡಿರಲಿ.

ಪ್ರಶ್ನೆ: ತಂದೆಯವರ ಕಾಲದ ಬುಲೆಟ್ಟನ್ನು ಕೊಟ್ಟಿಗೆಯಿಂದ ಹೊರಗೆ ತಂದಿದ್ದೇನೆ. ಹಲವು ಬೋಲ್ಟುಗಳಿಗೆ 13ರ ಸ್ಪ್ಯಾನರ್ ಹೋಗುವುದಿಲ್ಲ, 14ರದ್ದು ಲೊಡಲೊಡ. ಎರಡು ಬೋಲ್ಟಿನ ಮೂಲೆಗಳು ಆಗಲೇ ಸವೆದವು. ಸವೆದ ತಲೆಯೇ ಇದಕ್ಕೆ ಕಾರಣವೇ?
– ಓದುಗರು, ಆಗುಂಬೆ ಹೋಬಳಿ

ಉತ್ತರ: ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನ ಕೊಟ್ಟಿಗೆಯಲ್ಲಿ ಇಷ್ಟು ವರ್ಷ ನಿಂತ ಬುಲೆಟ್ಟಿನಲ್ಲಿ ತುಕ್ಕು ಇದ್ದೇ ಇರುತ್ತದೆ. ಆದರೆ ನಿಮ್ಮ ತೊಂದರೆ ತುಕ್ಕಿನದಲ್ಲ, ಅಳತೆಯದು. ಬುಲೆಟ್ ಇಂಗ್ಲೆಂಡಿನ ಕೂಸು. ಹಳೆಯ ಗಾಡಿಗಳಲ್ಲಿ ಅಲ್ಲಿನ ವಿಟ್‌ವರ್ತ್ ಪದ್ಧತಿಯ ಬೋಲ್ಟ್ ತಲೆಗಳಿವೆ. ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರ್ 1841ರಲ್ಲಿ ಹಾಕಿಕೊಟ್ಟ ಪದ್ಧತಿ ಅದು. ಕಾಲಿಂಚಿನ ವಿಟ್‌ವರ್ತ್ ಸ್ಪ್ಯಾನರಿನ ಬಾಯಿ ಹೆಚ್ಚುಕಡಿಮೆ 13.3 ಎಂಎಂ. ನಿಮ್ಮ 13 ಏಕೆ ಹೋಗಲಿಲ್ಲ, 14 ಏಕೆ ಜಾರಿತು ಎಂಬುದು ಈಗ ತಿಳಿಯಿತಲ್ಲ. ಅಂದ ಹಾಗೆ ಆ ಸ್ಪ್ಯಾನರಿನ ಮೇಲೆ ಬರೆದ ಕಾಲಿಂಚು ತಲೆಯ ಅಳತೆಯಲ್ಲ, ಬೋಲ್ಟಿನ ದಪ್ಪ. ಹೊಸಬರು ಅಲ್ಲೇ ಎಡವುವುದು.

14ರ ಸಂದಿಗೆ ತಗಡಿನ ಚೂರು ಸಿಕ್ಕಿಸುವುದು, ಸ್ಕ್ರೂ ಸ್ಪ್ಯಾನರಿನಿಂದ ಹಿಂಡುವುದು ಎರಡನ್ನೂ ಬಿಡಿ. ಮೂಲೆ ಸವೆದ ಎರಡು ಬೋಲ್ಟುಗಳಿಗೆ ಆರು ಮೂಲೆಯ ಸಾಕೆಟ್ ಬಳಸಿ, ಹನ್ನೆರಡು ಮೂಲೆಯದ್ದು ಬೇಡ. ತೀರಾ ಸವೆದಿದ್ದರೆ ಅರದಿಂದ ಎದುರುಬದುರು ಎರಡು ಮಗ್ಗುಲನ್ನು ಚಪ್ಪಟೆ ಮಾಡಿ 13ರ ಸಾಮಾನ್ಯ ಸ್ಪ್ಯಾನರ್ ಬಿಗಿಯಾಗಿ ಕೂರುವಂತೆ ಮಾಡಿಕೊಳ್ಳಬಹುದು. ಬೋಲ್ಟ್ ಬದಲಿಸುವಾಗ ಅಂಗಡಿಯ ಮೆಟ್ರಿಕ್ ಬೋಲ್ಟನ್ನು ಅದೇ ತೂತಿಗೆ ಒತ್ತಿ ತಿರುಗಿಸಬೇಡಿ. ಎರಡು ಸುತ್ತು ಹೋಗುತ್ತದೆ, ಮೂರನೆಯದಕ್ಕೆ ಥ್ರೆಡ್ಡನ್ನು ತಿನ್ನುತ್ತದೆ. ಹಳೆಯ ಬೋಲ್ಟನ್ನೇ ಹಿಡಿದುಕೊಂಡು ಬುಲೆಟ್ ಬಿಡಿಭಾಗದ ಅಂಗಡಿಗೆ ಹೋಗಿ.

ಹೊಸ ಸ್ಪ್ಯಾನರ್ ಸೆಟ್ ಕೊಳ್ಳುವ ಮುಂಚೆ ಅಟ್ಟ ಹತ್ತಿ ಹುಡುಕಿ ನೋಡಿ. ಅಂಕಿಯ ಪಕ್ಕದಲ್ಲಿ ಇಂಗ್ಲಿಷಿನ ಡಬ್ಲ್ಯು (ವಿಟ್‌ವರ್ತ್) ಅಥವಾ ಬಿಎಸ್‌ಎಫ್ (ಬ್ರಿಟಿಷರ ನಯ ಥ್ರೆಡ್ಡಿನ ಮಾನಕ) ಎಂದು ಅಚ್ಚಾದ, ಯಾವುದಕ್ಕೂ ಹೊಂದದ ಒಂದಿಷ್ಟು ಸ್ಪ್ಯಾನರ್‌ಗಳು ತಂದೆಯವರ ಹತ್ಯಾರಿನ ಡಬ್ಬಿಯಲ್ಲಿ ಇರಬಹುದು. ಅವನ್ನು ಗುಜರಿಗೆ ಹಾಕಿಲ್ಲದಿದ್ದರೆ ನಿಮ್ಮ ಅರ್ಧ ಖರ್ಚು ಉಳಿಯಿತು.